ಅಕ್ಷತೆ ಬೀಳುವಾಗಿನ ಫೋಕಸ್ಸು

ಯಾರಿಗೂ ಹೇಳದ ಒಂದು ಮಾತನ್ನು ಶೈಲಶ್ರೀ ಆ ದಿನ ಡೈರಿಗೆ ಹೇಳಿದಳು: ‘ಕಾಕಾ ಹಿಡಿದದ್ದು ಮಸುಕು ಬರಲತ್ತದ. ನಾ ಅದರ ಮ್ಯಾಲ ಹೂವು ಸುರದು ಮುಚ್ಚಲತ್ತೇನಿ. ಎಷ್ಟು ದಿನ ಮುಚ್ಚಲಿ?’

ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಸಮಾಧಾನವಾಗಲಿಲ್ಲ. ಕೆಲವು ಚಿಂತೆಗಳೇ ಹಾಗೆ. ಬರೆದರೆ ಹಗುರಾಗುವುದಿಲ್ಲ, ಅಕ್ಷರವಾಗಿ ಮೂಡಿ ಇನ್ನಷ್ಟು ಎದ್ದು ಕಾಣುತ್ತವೆ.

ಕಾಕಾ ಅಂದರೆ ಅವಳ ಅಪ್ಪನ ತಮ್ಮ ಕಾಶೀನಾಥ. ಭಾಲ್ಕಿಯಲ್ಲಿ ಲಗ್ನದ ವಿಡಿಯೊ ಅಂದರೆ ಕಾಶೀನಾಥ ಅನ್ನುವ ಕಾಲವೊಂದಿತ್ತು. ಹೆಗಲ ಮೇಲೆ ಕ್ಯಾಸೆಟ್ಟಿನ ಕ್ಯಾಮೆರಾ ಹೊತ್ತು, ಖಟಕ ಚಿಂಚೋಳಿಯಿಂದ ಕಮಲನಗರದವರೆಗೆ ಅವನು ಕಾಲಿಡದ ಹಂದರ ಇರಲಿಲ್ಲ. ಊರಿನ ಅರ್ಧ ಕ್ಯಾಮೆರಾದವರು ಅವನ ಹತ್ತಿರವೇ ಕಲಿತವರು. ಶೈಲಶ್ರೀ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಾಗ, “ಗ್ವಾಡಿ ನೋಡ್ಕೋತ ಕೂಡೂಕಿಂತ ಬಾ, ಕಂಪ್ಯೂಟರ್ ನೋಡ್ಕೋತ ಕೂಡು” ಎಂದು ಸ್ಟುಡಿಯೊಕ್ಕೆ ಕರೆದವನೂ ಅವನೇ. ಎಡಿಟಿಂಗ್ ಅವಳಿಗೆ ಹೇಳಿ ಮಾಡಿಸಿದಂಥ ಕೆಲಸ. ಯಾರೊಂದಿಗೂ ಮಾತಾಡಬೇಕಾಗಿಲ್ಲ, ಆದರೂ ದಿನವಿಡೀ ಮಂದಿಯ ನಡುವೆಯೇ ಇದ್ದಂತೆ. “ನಮ್ಮ ಶೈಲಾನ ಬಾಯಾಗಿಂದ ಒಂದು ಮಾತು ತಗೀಬೇಕಂದುರ ಬಾವ್ಯಾಗಿಂದ ಕೊಡ ಸೇದದಂಗ” ಎನ್ನುತ್ತಿದ್ದಳು ಕಾಕಾನ ಹೆಂಡತಿ, ಕಾಕು ರುಕ್ಮಿಣಿಬಾಯಿ.

ಹೂವಿನ ಮಾತು ಶುರುವಾದದ್ದು ಹೋದ ವರ್ಷದ ಲಗ್ನದ ಹಂಗಾಮಿನಲ್ಲಿ. ಅಕ್ಷತೆ ಬೀಳುವ ದೃಶ್ಯದಲ್ಲಿ ಮದುಮಕ್ಕಳ ಮುಖ ಮಂಜು ಕವಿದಂತಿತ್ತು. ಏನು ಮಾಡುವುದೆಂದು ತಿಳಿಯದೆ ಅವಳು ಆ ದೃಶ್ಯವನ್ನು ನಿಧಾನಗೊಳಿಸಿ, ಕಂಪ್ಯೂಟರಿನ ಗುಲಾಬಿ ಎಸಳು ಉದುರಿಸಿ, ಮೇಲೊಂದಿಷ್ಟು ಬಂಗಾರದ ಬೆಳಕು ಚೆಲ್ಲಿಬಿಟ್ಟಳು. ಕಾಕಾ ನೋಡಿ ಬೆನ್ನು ತಟ್ಟಿದ. “ಭಲೆ ಹುಡುಗಿ! ಸಿನೇಮಾದಂಗ ಮಾಡೀದಿ!” ಅಲ್ಲಿಂದ ಪ್ರತಿ ಲಗ್ನಕ್ಕೂ ಹೂವು. ಹೂವು ಹೆಚ್ಚಿದಷ್ಟೂ ಅವಳ ಹೆಸರೂ ಹೆಚ್ಚಿತು. ಹೆಸರು ಹೆಚ್ಚಿದಷ್ಟೂ ಬಾಯಿ ಬಿಡುವುದು ಕಷ್ಟವಾಯಿತು.

ಆದರೆ ಮಸುಕು ಎಲ್ಲ ಕಡೆಯೂ ಬರುತ್ತಿರಲಿಲ್ಲ. ಅವಳ ತಲೆ ತಿಂದದ್ದು ಅದೇ. ಅರಿಷಿಣ ಹಚ್ಚುವಾಗ ಸಾಫ್. ಬೀಗರನ್ನು ಎದುರುಗೊಳ್ಳುವಾಗ ಸಾಫ್. ಊಟದ ಸಾಲಿನಲ್ಲಿ ಯಾರ ಮೀಸೆಗೆ ಹುಗ್ಗಿ ಅಂಟಿದೆ ಅನ್ನುವುದೂ ಕಾಣುವಷ್ಟು ಸಾಫ್. ಮಸುಕು ಬರುವುದು ಅಕ್ಷತೆಗೆ ಮಾತ್ರ. ಯಾಕೆ? ಕ್ಯಾಮೆರಾಕ್ಕೇನು ಮುಹೂರ್ತ ಗೊತ್ತೇ?

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಹಳೆಯ ಲಗ್ನಗಳ ಆ ದೃಶ್ಯಗಳನ್ನಷ್ಟೇ ಸಾಲಾಗಿ ಇಟ್ಟುಕೊಂಡು, ಒಂದೊಂದೇ ಚಿತ್ರ ಮುಂದೆ ಸರಿಸುತ್ತ ನೋಡಿದಳು. ನಮ್ಮ ಕಡೆ ಅಕ್ಷತೆಗೆ ಅಕ್ಕಿಗಿಂತ ಜೋಳವೇ ಹೆಚ್ಚು; ಹಳದಿ, ಕೆಂಪು ಬಣ್ಣ ಕಟ್ಟಿದ ಜೋಳ. ಗಂಡು ಹೆಣ್ಣಿನ ನಡುವೆ ಅಂತರಪಟದ ಬಟ್ಟೆ ಹಿಡಿದು ಮೈಕಿನಲ್ಲಿ ಮಂಗಲಾಷ್ಟಕ ಹೇಳುತ್ತಾರೆ. ಒಂದೊಂದು ಪದ್ಯ ಮುಗಿದು ‘ಸಾವಧಾನ’ ಬಂದಾಗಲೂ ಹಂದರದಲ್ಲಿ ನಿಂತವರೆಲ್ಲ ಮುಷ್ಟಿ ಬಿಚ್ಚಿ ಎರಚುತ್ತಾರೆ. ಕ್ಯಾಮೆರಾ ತಾನಾಗಿಯೇ ಹಿಡಿಯುವ ಆಟೋ ಫೋಕಸ್ಸು ಇದಕ್ಕೆ ತಾಳುವುದಿಲ್ಲ. ಮುಖ ಬಿಟ್ಟು ಗಾಳಿಯಲ್ಲಿ ಹಾರುವ ಕಾಳಿನ ಬೆನ್ನು ಹತ್ತುತ್ತದೆ, ತಿಪ್ಪೆಯ ಕೋಳಿಯ ಹಾಗೆ. ಅದಕ್ಕೇ ಈ ಕಡೆಯ ಕ್ಯಾಮೆರಾದವರು ಅಂತರಪಟ ಎದ್ದ ಕೂಡಲೇ ಆಟೋ ಬಂದ್ ಮಾಡಿ ಕೈಯಿಂದ ಫೋಕಸ್ ಹಿಡಿಯುತ್ತಾರೆ. ಈ ರೂಢಿ ಹಾಕಿಕೊಟ್ಟವನೂ ಕಾಶೀನಾಥ ಕಾಕಾನೇ.

ನೋಡುತ್ತ ನೋಡುತ್ತ ಅವಳ ಬೆರಳು ನಿಂತಿತು. ಮುಖ ಮಸುಕಾಗಿತ್ತು, ಖರೆ. ಆದರೆ ಹಿಂದಿನ ಪರದೆಯ ಮೇಲೆ ಥರ್ಮಾಕೋಲಿನಲ್ಲಿ ಕೊರೆದ ಮದುಮಕ್ಕಳ ಹೆಸರು ಕತ್ತರಿಸಿಟ್ಟಂತೆ ಸ್ಪಷ್ಟ. ಇನ್ನೊಂದು ಲಗ್ನದಲ್ಲಿ ಮುಖವೂ ಇಲ್ಲ, ಪರದೆಯೂ ಇಲ್ಲ. ಮುಂದೆ ಬೀಳುವ ಜೋಳದ ಕಾಳು ಒಂದೊಂದೂ ಎಣಿಸುವಂತಿದೆ. ಲೆನ್ಸು ಕೆಟ್ಟಿದ್ದರೆ ಎಲ್ಲವೂ ಮಸುಕಾಗಬೇಕಲ್ಲ? ಇಲ್ಲಿ ಏನೋ ಒಂದು ಯಾವಾಗಲೂ ಸಾಫಾಗಿಯೇ ಇದೆ. ಆಗಬೇಕಾದ್ದು ಮಾತ್ರ ಆಗಿಲ್ಲ.

ಅಂದರೆ ಲೆನ್ಸು ನಿರಪರಾಧಿ. ಮತ್ತೆ?

ಅಷ್ಟರಲ್ಲಿ ಕಾಕಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಒಳಗೆ ಬಂದ. ಅವಳು ಗಡಬಡಿಸಿ ಕಂಪ್ಯೂಟರಿನ ಪರದೆ ಬದಲಿಸಿದಳು.

“ಶೈಲಾ, ಔರಾದದ ಪಾರ್ಟಿ ಫೋನ್ ಮಾಡಿತ್ತು. ಹೋದ ವರ್ಷ ಹಿರಿ ಮಗಳ ಲಗ್ನ ಹಿಡದಿದ್ದಿವಲ್ಲ, ಈಗ ಸಣ್ಣಾಕಿಂದು. ಹುಡುಗ್ರು ಅಂತಾರ, ಸಿನೇಮಾ ಲುಕ್ ಬೇಕಂತ. ನಂದೂ ವಿಚಾರ ಆಗ್ಯಾದ. ಈ ನಮ್ಮ ಲೆನ್ಸ್ ಮುದುಕ ಆಗ್ಯಾವ, ಬಿಸಾಡು. ಒಂದು ಸಿನೇಮಾ ಲೆನ್ಸ್ ತಗೊಳ್ಳೋಣು.”

“ಸಿನೇಮಾ ಲೆನ್ಸ್ ತುಟ್ಟಿ ಇರ್ತಾವಲ್ರಿ ಕಾಕಾ?” ಅಂದಳು ಅವಳು. ಅವಳ ಮಟ್ಟಿಗೆ ಅದು ದೊಡ್ಡ ಭಾಷಣ.

“ಮೊದಲ ಇದ್ದವು, ಆನಿ ಸಾಕದಂಗ. ಈಗ ಸಸ್ತಾದವೂ ಬಂದಾವ. ಒಂದೇ ಮಾತು, ಅವಕ್ಕ ಆಟೋ ಇರಂಗಿಲ್ಲ. ಪೂರಾ ಕೈ ಮ್ಯಾಲೇ.” ಕಾಕಾ ತನ್ನ ಎರಡೂ ಅಂಗೈ ಮುಂದೆ ಹಿಡಿದು ನಕ್ಕ. “ಕೈ ಅಂದುರ ಭಾಲ್ಕ್ಯಾಗ ಯಾರ್ದು? ಈ ಹೊಸಾ ಹುಡುಗುರು ಬಟನ್ ಒತ್ತಿ ಉಪ್ಪಿಟ್ಟು ತಿನ್ನಾವ್ರು. ಅವರಿಗಿ ಕೊಟ್ಟುರ ಹಿಡದು ತೋರಸಲಿ!”

ಶೈಲಶ್ರೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈಗ ಕೈಯಿಂದ ಹಿಡಿಯುವುದು ಅಕ್ಷತೆಯಷ್ಟು ಹೊತ್ತು, ಮಸುಕಾಗುವುದೂ ಅಷ್ಟೇ. ಈ ಲೆನ್ಸು ಬಂದರೆ ಇಡೀ ಲಗ್ನ ಕೈಯಿಂದ. ಅಷ್ಟಕ್ಕೆಲ್ಲ ಎಲ್ಲಿಂದ ತರುವುದು ಹೂವು? ಕಾಕಾ ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ಹಂಗಾಮಿನಲ್ಲಿ ಹೋದರೆ?

ಹೆದರಿಕೆಯ ಪಕ್ಕದಲ್ಲೇ ಇನ್ನೊಂದೂ ಇತ್ತು, ಅದನ್ನು ಅವಳು ಮುಚ್ಚಿಡಲಾರಳು: ಆ ಲೆನ್ಸು ಹೇಗಿರುತ್ತದೆ ಎಂದು ನೋಡುವ ಆಸೆ.

ಲೆನ್ಸು ನೋಡಲು, ಕ್ಯಾಮೆರಾದ ಚೀಲ ಹೊತ್ತು, ಬೀದರಿಗೆ ಇಬ್ಬರೂ ಬಸ್ಸಿನಲ್ಲಿ ಹೋದರು. ಭಾಲ್ಕಿ ಬಸ್‌ಸ್ಟ್ಯಾಂಡಿನ ಆಚೆ ತುದಿಯಲ್ಲಿ ಧೂಳೆಬ್ಬಿಸಿ ತಿರುಗುತ್ತಿದ್ದ ಬಸ್ಸಿನ ಬೋರ್ಡನ್ನು ಕಾಕಾ ನಿಂತಲ್ಲಿಂದಲೇ ಓದಿದ. “ಬೀದರ ಗಾಡಿ, ಹತ್ತು, ಹತ್ತು!” ಶೈಲಶ್ರೀಗೆ ಬೋರ್ಡು ಬರೀ ಬಿಳಿ ಪಟ್ಟಿಯಾಗಿ ಕಂಡಿತ್ತು. ಇಷ್ಟು ಚೂಪು ಕಣ್ಣಿನವನು ಫೋಕಸ್ ತಪ್ಪುವುದೆಂದರೇನು? ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು. ಕೈ ನಡುಗುತ್ತದೆಯೇ? ಇಲ್ಲ, ಕಾಕಾನ ಕೈ ಬಂಡೆ. ಗಡಿಬಿಡಿಯೇ? ಅಕ್ಷತೆಯ ಹೊತ್ತಿನಲ್ಲಿ ಮದುಮಗನ ಅಪ್ಪನೇ ಗಡಿಬಿಡಿಯಾದಾನು, ಕಾಕಾ ಆಗುವುದಿಲ್ಲ.

ಗಾಂಧಿ ಗಂಜದ ಪೇಟೆಯಲ್ಲಿ ಒಬ್ಬ ಬೇಳೆ ವ್ಯಾಪಾರಿಯ ಅಡತಿ ಅಂಗಡಿಯ ಮೇಲೆ ರಹೀಮುನ್ನಿಸಾಳ ದುಕಾನು. ಕೆಳಗೆ ತೊಗರಿಯ ಚೀಲ, ಹಮಾಲರ ಕೂಗು, ಲಾರಿಯ ಹೊಗೆ; ಮೆಟ್ಟಿಲು ಹತ್ತಿದರೆ ಕ್ಯಾಮೆರಾ, ಲೈಟು, ಸ್ಟ್ಯಾಂಡು. ಬೀದರ ಜಿಲ್ಲೆಯ ಲಗ್ನದ ವಿಡಿಯೊದವರಿಗೆಲ್ಲ ಬಾಡಿಗೆಗೆ ಸಾಮಾನು ಕೊಡುವುದು ಅವಳ ಧಂಧೆ. ಬೇಕೆಂದವರಿಗೆ ಮಾರಾಟವೂ ಉಂಟು. ತೊಗರಿಯ ಧೂಳು ಲೆನ್ಸಿಗೆ ಹತ್ತಬಾರದೆಂದು ಎಲ್ಲವನ್ನೂ ಮಕ್ಕಳನ್ನು ಮಲಗಿಸಿದಂತೆ ಕೌದಿ ಹಾಸಿದ ಟ್ರಂಕುಗಳಲ್ಲಿ ಇಟ್ಟಿದ್ದಳು.

“ಆವೋ ಕಾಶೀನಾಥ ಭಾಯ್! ಭಾಳ ದಿನಕ್ಕ ದಾರಿ ತಪ್ಪಿದಿರಿ. ಈಕಿ ಯಾರು, ಬೇಟಿ ಏನು?”

“ಅಣ್ಣನ ಮಗಳು, ಆಪಾ. ಎಡಿಟಿಂಗ್ ಎಲ್ಲಾ ಈಕಿದೇ. ಮಾತು ಕಮ್ಮಿ.”

“ಛಲೋ ಆಯ್ತು. ನನ್ನ ಹತ್ರ ಬರಾವ್ರೆಲ್ಲಾ ಮಾತು ಜಾಸ್ತಿ, ಬಾಡಿಗಿ ಕಮ್ಮಿ.”

ಟ್ರಂಕು ತೆರೆದು ಅವಳು ಮೂರು ಲೆನ್ಸು ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು. ಮೂವತ್ತೈದು, ಐವತ್ತು, ಎಂಬತ್ತೈದು ಮಿಲಿಮೀಟರಿನವು; ಅಂಕಿ ಹೆಚ್ಚಿದಷ್ಟೂ ದೂರದ್ದನ್ನು ಹತ್ತಿರ ಎಳೆಯುವವು. ಮೂರೂ ಒಂದೇ ತಾಯಿಯ ಮಕ್ಕಳಂತೆ ಒಂದೇ ಎತ್ತರ, ಒಂದೇ ದಪ್ಪ. ಮೈಸುತ್ತ ಎರಡು ಸಾಲು ಹಲ್ಲು, ಗಿರಣಿಯ ಗಾಲಿಗಿರುವಂಥವು. ಶೈಲಶ್ರೀ ಒಂದನ್ನು ಎತ್ತಿಕೊಂಡಳು. ಅದರ ಭಾರಕ್ಕೆ ಕೈ ಕೆಳಗಿಳಿಯಿತು. ಫೋಕಸ್ಸಿನ ಸುತ್ತನ್ನು, ಬಳೆಯಂಥ ಆ ಹಲ್ಲಿನ ಪಟ್ಟಿಯನ್ನು, ತಿರುಗಿಸಿದಳು. ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಹೋಯಿತು, ಹೋಗುತ್ತಲೇ ಇತ್ತು, ಮುಗಿಯುವುದೇ ಇಲ್ಲವೇನೋ ಎಂಬಷ್ಟು ದೂರ. ಅವರ ಹಳೆಯ ಲೆನ್ಸಿನಲ್ಲಿ ಒಂದು ಚಿಟಿಕೆ ತಿರುಗಿದರೆ ಮುಖದಿಂದ ಗೋಡೆಗೆ ಹೋಗಿಬಿಡುತ್ತಿತ್ತು. ಬೆಳಕು ಹೆಚ್ಚುಕಮ್ಮಿ ಮಾಡುವ ಇನ್ನೊಂದು ಸುತ್ತಿನಲ್ಲಿ ಕಟಕಟ ಶಬ್ದವೂ ಇಲ್ಲ. ಬಾಗಿಲು ಓರೆ ಮಾಡಿದಂತೆ ಬೆಳಕು ಸರಿದು ಒಳಗೆ ಬರುತ್ತದೆ. ಅಂಕಿಗಳು ಎರಡೂ ಮಗ್ಗುಲಿಗೆ ಕೊರೆದಿವೆ. ಅವುಗಳ ಮುಂದೆ ‘ಟಿ’ ಎಂಬ ಅಕ್ಷರ.

ಅದು ಯಾಕೆ ಎಂದು ಕೇಳಬೇಕೆಂದು ಅವಳ ನಾಲಗೆಯ ತುದಿಗೆ ಬಂತು. ರಹೀಮುನ್ನಿಸಾ ಅವಳ ಬೆರಳು ಅಕ್ಷರದ ಮೇಲೆ ನಿಂತದ್ದನ್ನು ನೋಡಿದಳು.

“ಕೇಳು ಬೇಟಿ, ಕೇಳೂದಕ್ಕ ಬಾಡಿಗಿ ಇಲ್ಲ. ಮಾಮೂಲಿ ಲೆನ್ಸಿನ ಮ್ಯಾಲಿನ ಅಂಕಿ ಲೆಕ್ಕದ ಅಂಕಿ. ಈ ‘ಟಿ’ ಅಂದುರ ಗಾಜು ದಾಟಿ ಖರೇ ಖರೇ ಒಳಗ ಎಷ್ಟು ಬೆಳಕು ಬರ್ತದ, ಅದು. ಲೆನ್ಸ್ ಬದಲಿ ಮಾಡಿದುರೂ ಮದಿಮಗಳು ಒಮ್ಮೆ ಕಪ್ಪು ಒಮ್ಮೆ ಬೆಳ್ಳಗ ಕಾಣಂಗಿಲ್ಲ.”

“ಹಲ್ಲು ಯಾಕ್ರಿ ಮತ್ತ?” ಶೈಲಶ್ರೀಯ ಬಾಯಿಂದ ತಾನೇ ಬಂದುಬಿಟ್ಟಿತು.

“ಗೇರಿನ ಗಾಲಿ ಸಿಗಸಾಕ. ಸಿನೇಮಾದಾಗ ಕ್ಯಾಮೆರಾ ಹಿಡಿಯಾಂವ ಒಬ್ಬ, ಫೋಕಸ್ ತಿರುವಾಂವ ಇನ್ನೊಬ್ಬ. ನಮ್ಮ ಲಗ್ನದವರು ಎರಡೂ ತಾವೇ ಮಾಡಿ, ಊಟಾನೂ ತಾವೇ ಮಾಡ್ತಾರ.”

ಕಾಕಾ ನಕ್ಕ. ಶೈಲಶ್ರೀಯೂ ನಕ್ಕಳು. ಕೆದಕಿದಷ್ಟೂ ಹೊಸದು ಸಿಗುತ್ತಿತ್ತು. ಮೂಲೆಯಲ್ಲಿ ಇನ್ನೊಂದು ಲೆನ್ಸು, ಅರ್ಧ ಬೆಲೆಯದು, ಕಂಡಿತು. ಕಾಕಾನ ಕಣ್ಣು ಅದರ ಮೇಲೆ ಹೋಯಿತು. ರಹೀಮುನ್ನಿಸಾ ಸುಮ್ಮನೆ ಅದನ್ನು ಕಾಕಾನ ಕ್ಯಾಮೆರಾಕ್ಕೆ ಹಚ್ಚಿ ಪರದೆ ತೋರಿಸಿದಳು. ಚಿತ್ರದ ನಾಲ್ಕೂ ಮೂಲೆಯಲ್ಲಿ ಕಪ್ಪು. ಚಿತ್ರ ಮೂಡುವ ಸೆನ್ಸರು ಸಣ್ಣದಿರುವ ಕ್ಯಾಮೆರಾಕ್ಕೆ ಮಾಡಿದ ಲೆನ್ಸು ದೊಡ್ಡ ಸೆನ್ಸರನ್ನು ತುಂಬುವುದಿಲ್ಲ. ಸಣ್ಣ ಕೌದಿ ಹೊದ್ದವನ ಕಾಲು ಹೊರಗೆ ಬಂದ ಹಾಗೆ. “ಸಸ್ತಾ ಅಂತ ಒಯ್ದು, ಆಮ್ಯಾಲ ನನಗ ಬೈಲಾಕ ಬರ್ತಾರ” ಅಂದಳು.

“ಹಂಗಾದುರ ಈ ಎಂಬತ್ತೈದು ಕೊಡ್ರಿ” ಅಂದ ಕಾಕಾ. “ಹಿಂದಿಂದೆಲ್ಲಾ ಕರಗಿ ಹೋಗ್ತದ, ಮಾರಿ ಒಂದೇ ಎದ್ದು ಬರ್ತದ. ಅದೇ ಸಿನೇಮಾ.”

ಶೈಲಶ್ರೀ ಔರಾದದ ಆ ಮನೆಯ ಹೋದ ವರ್ಷದ ವಿಡಿಯೊ ನೆನೆದಳು. ಅಂಗಳದ ಅಗಲವನ್ನು ಅವಳು ಅಲ್ಲಿಗೆ ಹೋಗದೆಯೂ ಬಲ್ಲಳು. ಎಷ್ಟು ಸಲ ಆ ದೃಶ್ಯ ಹಿಂದೆ ಮುಂದೆ ಓಡಿಸಿಲ್ಲ! “ಅಲ್ಲಿ... ಹಿಂದ ಸರ್ಯಾಕ ಜಾಗ ಇಲ್ರಿ ಕಾಕಾ” ಅಂದಳು ಮೆಲ್ಲಗೆ. “ಎಂಬತ್ತೈದು ಹಚ್ಚಿದುರ ಬರೀ ಮೂಗು ಬರ್ತಾವ. ಐವತ್ತು ಸಾಕು.”

“ನೋಡ್ರಿ, ಮಾತು ಕಮ್ಮಿ ಅಂದಿರಿ!” ರಹೀಮುನ್ನಿಸಾ ಕೈ ತಟ್ಟಿದಳು. “ಖರೇ ಅದ. ಎಂಬತ್ತೈದು ತಗೊಂಡುರ ಭಾಯ್ ಬೀಗತಿ ಮಡಿಲಾಗ ಕುಂತು ಶೂಟ್ ಮಾಡಬೇಕಾಗ್ತದ.”

ಕಾಕಾ ಐವತ್ತನ್ನು ಕ್ಯಾಮೆರಾಕ್ಕೆ ಹಚ್ಚಿಕೊಂಡು ಪಡಸಾಲೆಯ ಕಟಕಟೆಗೆ ಹೋಗಿ ಕೆಳಗಿನ ಪೇಟೆಯ ಕಡೆ ಹಿಡಿದ. ಕೆಳಗೆ ಒಂದು ಕೈಗಾಡಿಯ ಮೇಲೆ ಒಬ್ಬ ಹಮಾಲ ಕಾಲು ಚಾಚಿ ಬೀಡಿ ಹಚ್ಚುತ್ತಿದ್ದ. “ಅವನ ಮಾರಿ ಹಿಡೀತೇನಿ ನೋಡು.” ಎಡಗೈಯ ಬೆರಳು ಸುತ್ತನ್ನು ಅತ್ತ ಒಯ್ದಿತು, ಇತ್ತ ತಂದಿತು, ನಿಂತಿತು. “ಹಾಂ! ಸಿಕ್ಕ. ಮೀಸಿ ಕೂದಲ ಎಣಸು ಬೇಕಾದ್ರ.”

ಶೈಲಶ್ರೀ ಅವನ ಭುಜದ ಬದಿಯಿಂದ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನೋಡಿದಳು. ಹಮಾಲನ ಮುಖ ಹಿಟ್ಟಿನ ಮುದ್ದೆ. ಅವನ ಹಿಂದೆ ದೂರದಲ್ಲಿ ಸಾಲಾಗಿ ಜೋಡಿಸಿದ ಚೀಲಗಳ ಹೊಲಿಗೆಯ ದಾರ ಮಾತ್ರ ಎಳೆ ಎಳೆಯಾಗಿ ಕಾಣುತ್ತಿತ್ತು.

ಅವಳು ಕಾಕಾನ ಮುಖ ನೋಡಿದಳು. ಸುಳ್ಳು ಹೇಳುವವನ ಮುಖವಲ್ಲ ಅದು. ಅವನಿಗೆ ಖರೇನೇ ಸಾಫಾಗಿ ಕಂಡಿದೆ. ಅಥವಾ ಎಲ್ಲವೂ ಒಂದೇ ಥರ ಕಂಡಿದೆ.

“ಗ್ಯಾರಂಟಿ ಚೀಟಿ ಓದ್ಕೋರಿ ಭಾಯ್, ಆಮ್ಯಾಲ ಜಗಳ ಬ್ಯಾಡ” ಎಂದು ರಹೀಮುನ್ನಿಸಾ ಒಂದು ಮಡಿಚಿದ ಕಾಗದ ಕೊಟ್ಟಳು. ಕಾಕಾ ಅದನ್ನು ಬಿಚ್ಚಿ ಮೊದಲು ಮುಖದ ಹತ್ತಿರ ತಂದ. ಆಮೇಲೆ ದೂರ ಒಯ್ದ. ಇನ್ನೂ ದೂರ, ತೋಳು ನೆಟ್ಟಗಾಗುವವರೆಗೆ ಒಯ್ದು, ತಲೆಯನ್ನೂ ಹಿಂದಕ್ಕೆ ಎಳೆದುಕೊಂಡ. “ಇಷ್ಟು ಸಣ್ಣ ಅಕ್ಷರ ಇರುವಿ ಓದಲಿ ಅಂತ ಬರೀತಾರೋ ಏನು” ಎಂದು ಮಡಿಚಿ ಕಿಸೆಗೆ ಹಾಕಿಕೊಂಡ.

ಶೈಲಶ್ರೀಗೆ ಆಗ ತಿಳಿಯಿತು, ಒಮ್ಮೆಗೇ.

ಬಸ್ಸಿನ ಬೋರ್ಡು ದೂರದ್ದು. ಕ್ಯಾಮೆರಾದ ಪರದೆ ಹತ್ತಿರದ್ದು. ಕಾಕಾನ ಕಣ್ಣು ದೂರಕ್ಕೆ ಹದ್ದು, ಹತ್ತಿರಕ್ಕೆ ಇಲ್ಲ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬರುವಂಥದ್ದು. ಅಪ್ಪನಿಗೂ ಬಂದು ಓದುವ ಕನ್ನಡಕ, ಚಾಳೀಸು ಹಾಕಿಕೊಂಡಿದ್ದಾನೆ. ಆಟೋ ನಡೆಯುವಷ್ಟು ಹೊತ್ತು ಕ್ಯಾಮೆರಾದ ಕಣ್ಣು ಕಾಕಾನನ್ನು ಕಾಯುತ್ತದೆ. ಅಕ್ಷತೆಗೆ ಆಟೋ ಬಂದ್ ಮಾಡಿದ ಗಳಿಗೆಯಿಂದ ಕಾಯುವವರು ಯಾರೂ ಇಲ್ಲ. ದೂರದ್ದು ಇಷ್ಟು ಚಂದ ಕಾಣುವವನಿಗೆ ತನ್ನ ಕಣ್ಣಿನ ಮೇಲೆ ಅನುಮಾನವಾದರೂ ಹೇಗೆ ಬಂದೀತು? ಲೆನ್ಸಿನ ಮೇಲೇ ಬರುತ್ತದೆ.

ಉತ್ತರ ಸಿಕ್ಕ ಖುಷಿಯಲ್ಲಿ ಒಂದು ಕ್ಷಣ ಅವಳು ಎಲ್ಲ ಮರೆತಳು. ಮರುಕ್ಷಣ ಅದು ಎಂಥ ಉತ್ತರ ಎಂಬುದು ನೆನಪಾಯಿತು. ಹೇಳಲು ಬಾಯಿ ತೆರೆದಳು. ಬಂದ ಮಾತೇ ಬೇರೆ.

“ಇದು... ತಿರುವಿದಾಗ ಚಿತ್ರ ಜರಾ ಉಬ್ಬತದಲ್ರಿ?”

“ವ್ಹಾ! ಕಣ್ಣು ಅಂದುರ ಇದು” ಅಂದಳು ರಹೀಮುನ್ನಿಸಾ. “ಎಲ್ಲಾ ಲೆನ್ಸೂ ಜರಾ ಉಸುರಾಡ್ತಾವ ಬೇಟಿ, ಸಸ್ತಾದವು ಜಾಸ್ತಿ. ಇದು ಕಮ್ಮಿ. ಒಂದು ಮಾತು ಹೇಳ್ತೇನಿ ಭಾಯ್, ಈಗೇ ಖರೀದಿ ಮಾಡಬ್ಯಾಡ್ರಿ. ಔರಾದ ಲಗ್ನಕ್ಕ ಬಾಡಿಗಿ ಒಯ್ರಿ. ಮನಸಿಗಿ ಬಂದುರ ಮಾತಾಡೋಣು.”

ಆ ರಾತ್ರಿಯ ಡೈರಿಯ ಪುಟ ಬಹಳ ಹೊತ್ತು ಖಾಲಿ ಉಳಿಯಿತು. ಹಾಗೆ ಹೇಳಲೇ, ಹೀಗೆ ಹೇಳಲೇ ಎಂದು ಮಾತು ಕಟ್ಟಿ ಕಟ್ಟಿ ಅಳಿಸಿದಳು. ಮರುದಿನ ಕಾಕುವಿನ ಕಿವಿಗೆ ಹಾಕಿ ನೋಡೋಣವೆಂದು ಅಡುಗೆಮನೆಗೆ ಹೋದಳು. ಕಾಕು ರೊಟ್ಟಿ ಬಡಿಯುತ್ತ ತಾನೇ ಶುರು ಮಾಡಿದಳು: “ನಿಮ್ಮ ಕಾಕಾಗ ಮೊಬೈಲ್ ನೋಡಲಾಕ ಕೈ ಇನ್ನೊಂದು ಗೇಣು ಉದ್ದ ಬೇಕಾಗ್ಯಾದ. ಚಾಳೀಸು ಹಾಕ್ಕೋರಿ ಅಂದುರ ನನ್ನ ಮ್ಯಾಲೇ ಹಾರಿ ಬಂದುರು. ‘ಕ್ಯಾಮೆರಾದಾಂವ ಚಾಳೀಸು ಹಾಕ್ಕೊಂಡು ಹ್ವಾದುರ ಪಾರ್ಟಿ ಓಡಿ ಹೋಗ್ತದ’ ಅಂತ. ನಾ ಬಿಟ್ಟೀನಿ ತಾಯಿ. ಹೇಳಾವ್ರು ಬೇಕಾದ್ರ ಹೇಳಲಿ.”

ಕಾಕು ಹೇಳಿದರೇ ಹಾರಿ ಬಂದವನು, ತಾನು ಹೇಳಿದರೆ? ಶೈಲಶ್ರೀ ಒಂದು ಬಿಸಿ ರೊಟ್ಟಿ ತೆಗೆದುಕೊಂಡು ಹೊರಗೆ ಬಂದಳು.

ಆ ಪಾರ್ಟಿಯ ಸಣ್ಣ ಮಗಳು ಸಪನಾಳ ಲಗ್ನದ ದಿನ ಔರಾದಕ್ಕೆ ಶೈಲಶ್ರೀಯೂ ಹೊರಟಳು. ಹೊಸ ಲೆನ್ಸಿಗೆ ಜೊತೆಗೊಬ್ಬರು ಬೇಕು ಎಂದು ತಾನೇ ಕೇಳಿ ಹೊರಟದ್ದು, ಕಾಕಾಗೆ ಆಶ್ಚರ್ಯವಾಗಿತ್ತು. ಎಡಿಟಿಂಗ್ ಕೋಣೆಯಲ್ಲಿ ತುಂಡು ತುಂಡಾಗಿ ನೋಡಿದ್ದ ಮನೆ ಅವಳ ಎದುರು ಇಡಿಯಾಗಿ ನಿಂತಿತು. ಅಂಗಳ ಅವಳು ಅಂದುಕೊಂಡಷ್ಟೇ ಇಕ್ಕಟ್ಟು. ಬಾಗಿಲ ಬದಿಯ ಬೇವಿನ ಮರ ಮಾತ್ರ ಅವಳಿಗೆ ಗೊತ್ತೇ ಇರಲಿಲ್ಲ. ಕಾಕಾ ಯಾವತ್ತೂ ಆ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ. ಹಂದರದ ಬುಡದಲ್ಲಿ ಇಬ್ಬರು ಮುದುಕಿಯರು ಬಣ್ಣದ ಜೋಳವನ್ನು ಬುಟ್ಟಿಗೆ ತುಂಬುತ್ತಿದ್ದರು. ಸಂದಿಯಲ್ಲಿ ಬಾಜಾದವರು ಡೋಲು ಬಿಗಿಯುತ್ತಿದ್ದರು.

ಬೆಳಗಿನ ಕೆಲಸವೆಲ್ಲ ಹಳೆಯ ಲೆನ್ಸಿನಲ್ಲಿ, ಆಟೋದಲ್ಲಿ ಮುಗಿಯಿತು. ಎಲ್ಲವೂ ಸಾಫ್. ಮಧ್ಯೆ ಮದುಮಗಳ ಅಕ್ಕ ಮಾಯಾ ಎದೆಗೆ ಹಸುಗೂಸು ಅವಚಿಕೊಂಡು ಬಂದು ಕಾಕಾನನ್ನು ಹಿಡಿದಳು. ಹೋದ ವರ್ಷದ ಮದುಮಗಳು ಅವಳೇ.

“ಕಾಕಾ, ನನ್ನ ಲಗ್ನದಾಗ ಮಾಡದಂಗ ಮಾಡಬ್ಯಾಡ್ರಿ ಮತ್ತ.”

“ಯಾಕವ್ವಾ, ಏನಾಯ್ತು? ಎಲ್ಲಾರೂ ಛಂದ ಅಂದುರಲ್ಲ?”

“ಛಂದ ಅದ್ರಿ. ಹೂವು ಅವ, ಬೆಳಕು ಅದ, ಹಾಡು ಅದ. ನಾ ಒಬ್ಬಾಕಿ ಇಲ್ಲ, ಅಷ್ಟೇ. ನಮ್ಮವರು ಕೇಳ್ತಾರ, ‘ಅಂತರಪಟದ ಆ ಕಡೆ ನೀನೇ ಇದ್ದಿ, ಏನು ಬ್ಯಾರೆ ಯಾರರೆ ಇದ್ದುರು?’ ಅಂತ.”

ಸುತ್ತಲಿನ ಹೆಂಗಸರು ಘೊಳ್ಳೆಂದು ನಕ್ಕರು. ಕಾಕಾನೂ ನಕ್ಕ. “ಅದು ಹಳೇ ಲೆನ್ಸ್‌ದು ತಪ್ಪವ್ವಾ. ಈ ಸಲ ಸಿನೇಮಾ ಲೆನ್ಸ್ ತಂದೀನಿ, ನೋಡ್ತಿರು!” ಮಾಯಾಳೂ ನಗುತ್ತಿದ್ದಳು, ಆದರೆ ಹೋಗುವ ಮೊದಲು ಶೈಲಶ್ರೀಯ ಹತ್ತಿರ ಬಂದು ದನಿ ಇಳಿಸಿದಳು. “ತಂಗಿ, ಹೂವಿಲ್ಲದ್ದು ನಿನ್ನ ಹತ್ರ ಇರಬೇಕಲ್ಲ? ಅದರಾಗರೆ ನನ್ನ ಮಾರಿ ಕಂಡುರ ಕಳಿಸಲ್ಲ. ಅದೊಂದು ಗಳಿಗಿ ನೋಡಬೇಕಂತ ಭಾಳ ಆಸೆ ಅದ.”

ಶೈಲಶ್ರೀ ತಲೆಯಾಡಿಸಿದಳು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ. ಹೂವಿನ ಕೆಳಗೆ ಮುಖ ಇರಲಿಲ್ಲ ಎಂದು ಹೇಗೆ ಹೇಳುವುದು? ಇಷ್ಟು ದಿನ ಅವಳು ಕಾಕಾನ ಮಸುಕನ್ನು ಮಾತ್ರ ಮುಚ್ಚುತ್ತಿದ್ದೇನೆ ಎಂದುಕೊಂಡಿದ್ದಳು. ಅದರ ಕೆಳಗೆ ಒಬ್ಬೊಬ್ಬ ಮದುಮಗಳು ಇದ್ದಾಳೆ ಎಂಬುದು ಕಂಪ್ಯೂಟರಿನ ಮುಂದೆ ಹೊಳೆದೇ ಇರಲಿಲ್ಲ.

ಮುಹೂರ್ತ ಹತ್ತಿರ ಬಂತು. ಕಾಕಾ ಕೌದಿಯ ತುಂಡಿನಿಂದ ಬಾಡಿಗೆಯ ಲೆನ್ಸು ಬಿಚ್ಚಿ ಕ್ಯಾಮೆರಾಕ್ಕೆ ಹಚ್ಚಿ, ಮೂರು ಕಾಲಿನ ಸ್ಟ್ಯಾಂಡನ್ನು ಈ ಸಲ ಬಾಗಿಲ ಕಡೆ ಮುಖ ಮಾಡಿ ಹಂದರದ ಕಂಬಕ್ಕೆ ಒತ್ತಿ ನಿಲ್ಲಿಸಿದ. ಶೈಲಶ್ರೀ ಕೊನೆಯ ಉಪಾಯ ಮಾಡಿದಳು. ಕ್ಯಾಮೆರಾದಲ್ಲಿ ಒಂದು ಸವಲತ್ತಿತ್ತು. ಫೋಕಸ್ ಆದ ವಸ್ತುವಿನ ಅಂಚಿಗೆ ಕೆಂಪು ಗೆರೆ ಎಳೆದು ತೋರಿಸುವಂಥದ್ದು. ಮೆಲ್ಲಗೆ ಅದನ್ನು ಶುರು ಮಾಡಿದಳು. ಕೆಂಪು ಗೆರೆ ಮುಖದ ಮೇಲೆ ಬಂದರೆ ಕಾಕಾಗೆ ತಿಳಿದೀತು, ಮಾತಿನ ಗೊಡವೆಯೇ ಬೇಡ.

ಕಾಕಾ ನೋಡಿ ಹುಬ್ಬು ಗಂಟಿಕ್ಕಿದ. “ಏನಿದು ಕೆಂಪು ಕೆಂಪು? ಮದಿಮಗಳ ಮ್ಯಾಲ ಯಾರೋ ಗುಲಾಲ ಹಾರಸದಂಗ! ತಗಿ ತಗಿ. ಇದೆಲ್ಲಾ ಕಲೀಲಾರದ ಹುಡುಗುರಿಗಿ.”

ಅವಳು ತೆಗೆದಳು.

ಮದುಮಗ ಬಂದು ಮಣೆಯ ಮೇಲೆ ನಿಂತ. ಸಪನಾಳನ್ನು ಕರೆತಂದರು. ಇಬ್ಬರು ಹಿರಿಯರು ನಡುವೆ ಅಂತರಪಟ ಎತ್ತಿ ಹಿಡಿದರು. ಬುಟ್ಟಿಯ ಜೋಳ ಕೈಯಿಂದ ಕೈಗೆ ಹಂಚಿಹೋಯಿತು. ಶೈಲಶ್ರೀಯ ಕೈಗೂ ಯಾರೋ ಒಂದು ಹಿಡಿ ಹಾಕಿದರು. ಮೈಕಿನವರು ಗಂಟಲು ಸರಿಪಡಿಸಿಕೊಳ್ಳುತ್ತಿದ್ದರು. ಕಾಕಾನ ಎಡಗೈ ಹಲ್ಲಿನ ಸುತ್ತಿನ ಮೇಲೆ ಹೋಯಿತು. ಅತ್ತ ಒಯ್ದಿತು, ಇತ್ತ ತಂದಿತು, ನಿಂತಿತು. ಅವನ ಮುಖದಲ್ಲಿ ಕೆಲಸ ಗೊತ್ತಿದ್ದವನ ನೆಮ್ಮದಿ.

ಪರದೆಯ ಮೇಲೆ ಸಪನಾ ಇರಲಿಲ್ಲ. ಅರಿಷಿಣ ಬಣ್ಣದ ಒಂದು ಮೋಡವಿತ್ತು. ಅವಳ ಹಿಂದೆ ಬೇವಿನ ಮರದ ಎಲೆಗಳು, ಒಂದೊಂದು ಎಲೆಯ ಗರಗಸದ ಅಂಚೂ ಕಾಣುವಷ್ಟು ಸಾಫಾಗಿದ್ದವು.

ಶೈಲಶ್ರೀಯ ಬೆರಳು ತಾನಾಗಿಯೇ ಲೆನ್ಸಿನ ಕಡೆ ಹೋಯಿತು. ಒಂದು ಚೂರು, ಇಷ್ಟೇ ಇಷ್ಟು ತಿರುಗಿಸಿದರೆ ಸಾಕು. ಸಪನಾ ಮೋಡದಿಂದ ಹೊರಗೆ ಬಂದು ನಿಲ್ಲುತ್ತಾಳೆ. ಕಾಕಾಗೆ ಗೊತ್ತೂ ಆಗುವುದಿಲ್ಲ. ಮನೆಗೆ ಹೋಗಿ ಲೆನ್ಸು ಭಲೆ ಅನ್ನುತ್ತಾನೆ, ನಾಳೆಯೇ ಹೋಗಿ ಖರೀದಿಸುತ್ತಾನೆ. ಪಕ್ಕದವಳು ತಿರುವಿದ ಫೋಕಸ್ಸನ್ನು ತನ್ನದೇ ಎಂದು ನಂಬಿ ಮುಂದಿನ ಲಗ್ನಕ್ಕೆ ಒಬ್ಬನೇ ಹೋಗುತ್ತಾನೆ. ಅಲ್ಲಿ ಇನ್ನೊಬ್ಬಳು ಮದುಮಗಳು.

ಇದೂ ಹೂವೇ ಅಲ್ಲವೇ, ಅನ್ನಿಸಿತು ಅವಳಿಗೆ. ಎಡಿಟಿಂಗ್ ಕೋಣೆಯಿಂದ ಅಂಗಳಕ್ಕೆ ಬಂದ ಹೂವು, ಅಷ್ಟೇ.

ಬೆರಳನ್ನು ಹಿಂದಕ್ಕೆ ತೆಗೆದಳು. ಹಿಡಿಯಲ್ಲಿದ್ದ ಜೋಳ ಬೆವರಿಗೆ ಅಂಗೈಗೆ ಅಂಟಿ ಬಣ್ಣ ಬಿಡುತ್ತಿತ್ತು. ಮೈಕಿನಿಂದ ಮೊದಲ ಪದ್ಯದ ಮೊದಲ ಸ್ವರ ಎದ್ದಿತು. ಹಂದರದ ತುಂಬ ಮುಷ್ಟಿಗಳು ಮೇಲೆದ್ದವು. ಪದ್ಯ ಮುಗಿಯುವುದರೊಳಗೆ ಆಗಬೇಕು. ಅವಳು ಕಾಕಾನ ಅಂಗಿಯ ತೋಳು ಹಿಡಿದಳು. ಅವನ ಅಂಗಿ ಹಿಡಿದು ಅವಳು ಚಿಕ್ಕಂದಿನಲ್ಲಿ ಪೇಟೆಗೆ ಹೋಗಿದ್ದುಂಟು; ಆಮೇಲೆ ಎಂದೂ ಮುಟ್ಟಿದ್ದಿಲ್ಲ.

ಕಾಕಾ ಪರದೆಯಿಂದ ತಲೆಯೆತ್ತಿದ. “ಏನು? ಈಗೇನು? ಏನ್ ಬೇಕು?”

ಅವನ ಕಣ್ಣು ನೇರ ಅವಳ ಕಣ್ಣಲ್ಲಿತ್ತು. ಅವಳು ಬೇರೆ ಕಡೆ ನೋಡಲಿಲ್ಲ.

“ಕಾಕಾ, ಲೆನ್ಸಿಂದು ಏನೂ ತಪ್ಪಿಲ್ರಿ, ಆ ಹಳೇದ್ರದೂ ಇರಲಿಲ್ಲ” ಅಂದಳು ಶೈಲಶ್ರೀ, ಮೈಕಿನ ದನಿಯ ಮೇಲೆ ಕೇಳುವಷ್ಟು ಗಟ್ಟಿಯಾಗಿ. “ನಿಮಗ ಸಮೀಪದ್ದು ಕಾಣಲ್ದಂಗ ಆಗ್ಯಾದ.”